ಕಾಂಟ್ರಾಕ್ಟ್ ಟೆಸ್ಟ್‌ಗೆ ಎಐ ಬರೆದುಕೊಟ್ಟ ಮೊದಲ ಕೋಡ್: ಇಟ್ಟಿದ್ದು, ಅಳಿಸಿದ್ದು

ಶಿವಮೊಗ್ಗದಲ್ಲಿ ಕೂತು ನಾವು ನಡೆಸುವುದು ಅಡಿಕೆ ಧಾರಣೆಯ ಆ್ಯಪ್. ದರ ಇಟ್ಟುಕೊಳ್ಳುವ ಸರ್ವಿಸ್ ಒಂದು, ಅದನ್ನು ಕೇಳಿ ಬೆಳೆಗಾರರಿಗೆ ಸಂದೇಶ ಕಳಿಸುವ ಸರ್ವಿಸ್ ಇನ್ನೊಂದು. ಮೊದಲನೆಯದು ತೀರ್ಥಹಳ್ಳಿಯಲ್ಲಿರುವ ಗೆಳೆಯನ ಸುಪರ್ದಿ, ಎರಡನೆಯದು ನನ್ನದು. ಎರಡನ್ನೂ ಒಟ್ಟಿಗೆ ಓಡಿಸದೆ ಹೊಂದಾಣಿಕೆ ನೋಡಬೇಕೆಂದು, ಕಾಂಟ್ರಾಕ್ಟ್ ಟೆಸ್ಟ್ (ಎರಡು ಸರ್ವಿಸ್ ನಡುವಿನ ಕರಾರಿನ ಪರೀಕ್ಷೆ) ಮಾಡುವ ಪ್ಯಾಕ್ಟ್ ಎಂಬ ಲೈಬ್ರರಿ ಹಾಕಿದೆವು. ಕೇಳುವ ಕಡೆಯ ಟೆಸ್ಟ್ ಒಂದು ಮಾಕ್ (ನಕಲಿ) ಸರ್ವರ್ ಜೊತೆ ಮಾತಾಡುತ್ತದೆ, ಆ ಮಾತುಕತೆ ಜೇಸನ್ ಫೈಲ್ ಆಗುತ್ತದೆ, ಅದೇ ಕರಾರು. ಆಮೇಲೆ ಅದೇ ಫೈಲ್ ಹಿಡಿದು ಕೊಡುವ ಕಡೆಯ ನಿಜವಾದ ಸರ್ವಿಸನ್ನು ತಾಳೆ ನೋಡುವುದು.

ಈ ಟೆಸ್ಟ್‌ನ ಚೌಕಟ್ಟನ್ನು ಎಐ ಟೂಲ್‌ನಿಂದ ಬರೆಸಿದೆ. ಓಪನ್‌ಎಪಿಐ ಫೈಲ್ (ದರದ ಸರ್ವಿಸ್ ಏನು ಕೇಳಿದರೆ ಏನು ಕೊಡುತ್ತದೆ ಎಂಬ ವಿವರ) ಮಾತ್ರ ಕೊಟ್ಟರೆ ಅದು ಆವಕ, ಕನಿಷ್ಠ, ಗರಿಷ್ಠ ಎಂದು ಇರುವ ಫೀಲ್ಡೆಲ್ಲ ತುಂಬುತ್ತದೆ. ನನ್ನ ಸಂದೇಶಕ್ಕೆ ಬೇಕಾದ್ದು ಅಡಿಕೆಯ ಬಗೆ, ಗರಿಷ್ಠ ದರ, ದಿನಾಂಕ ಅಷ್ಟೇ. ಆವಕವನ್ನೂ ಕರಾರಿನಲ್ಲಿ ಬಿಟ್ಟರೆ, ಗೆಳೆಯ ನಾಳೆ ಅದನ್ನು ತೆಗೆದಾಗ ಯಾರಿಗೂ ತೊಂದರೆಯಿಲ್ಲದಿದ್ದರೂ ಟೆಸ್ಟ್ ಕೆಂಪು, ಅಂದರೆ ಫೇಲ್! ಹಾಗಾಗಿ ಎಪಿಐ ಕರೆಯುವ ನನ್ನ ಕ್ಲೈಂಟ್ ಕೋಡು, ಉತ್ತರ ಓದುವ ಕ್ಲಾಸು ಎರಡನ್ನೂ ಜೊತೆಗೆ ಕೊಟ್ಟು, ‘ಇಲ್ಲಿ ಬಳಸಿದ್ದು ಮಾತ್ರ ಸಾಕು’ ಎಂದೆ. ಫಲಿತಾಂಶ ಎಷ್ಟೋ ವಾಸಿ.

ಆದರೂ ಕಣ್ಣಿಟ್ಟು ಓದಲೇಬೇಕು. ಬಂದ ಟೆಸ್ಟ್ ನನ್ನ ಕ್ಲೈಂಟನ್ನು ಕರೆಯದೆ, ನೇರ ಎಚ್‌ಟಿಟಿಪಿ ಲೈಬ್ರರಿಯಿಂದ ಮಾಕ್ ಸರ್ವರನ್ನು ಕೇಳುತ್ತಿತ್ತು. ಹಸಿರೇನೋ ಹಸಿರೇ. ಆದರೆ ಅದು ದಾಖಲಿಸುವುದು ಟೆಸ್ಟ್ ಕೇಳಿದ್ದನ್ನು, ನನ್ನ ಕೋಡ್ ಕೇಳುವುದನ್ನಲ್ಲ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯ ತಿದ್ದುಪಡಿ ಇದೇ.

ದರಕ್ಕೆ ಮಾದರಿಯಲ್ಲಿದ್ದ ಅದೇ ಅಂಕಿ ಬರಬೇಕೆಂದು ಟೂಲ್ ಬರೆದಿತ್ತು. ದಿನಾ ಏರಿಳಿಯುವ ಧಾರಣೆಗೆ ‘ಲೈಕ್’ ಮ್ಯಾಚರ್ (ಉತ್ತರ ಹೇಗಿರಬೇಕೆಂಬ ನಿಯಮ) ಸಾಕು, ಯಾವುದೇ ಸಂಖ್ಯೆ ಬಂದರಾಯಿತು. ಅಡಿಕೆಯ ಬಗೆಯ ಹೆಸರಿಗೆ ಮಾತ್ರ, ಇಂಥ ಪದಗಳೇ ಬರಬೇಕೆನ್ನುವ ರೆಜೆಕ್ಸ್ ಹಾಕಿದೆ: ರಾಶಿ, ಬೆಟ್ಟೆ, ಸರಕು, ಗೊರಬಲು. ಹೆಸರು ನೋಡಿಯೇ ನಾವು ಸಂದೇಶ ಆರಿಸುವುದರಿಂದ ಅಲ್ಲಿ ಬಿಗಿ ಬೇಕು. ಮಾದರಿ ದಿನಾಂಕಕ್ಕೆ ‘ಇವತ್ತು’ ಎಂದು ಕೋಡ್‌ನಿಂದ ತೆಗೆಯುವ ಚಾಳಿಯೂ ಅದಕ್ಕಿದೆ. ಹಾಗೆ ಬಿಟ್ಟರೆ ದಿನಾ ಪ್ಯಾಕ್ಟ್ ಫೈಲ್ ಬದಲಾಗಿ, ಕರಾರುಗಳನ್ನು ಇಟ್ಟುಕೊಳ್ಳುವ ಸರ್ವರ್ ಆದ ಬ್ರೋಕರ್‌ಗೆ ಅದು ಹೊಸ ಕರಾರಿನಂತೆ ಕಾಣುತ್ತದೆ. ಒಂದು ನಿಗದಿತ ದಿನಾಂಕ ಇಟ್ಟೆ.

ಪ್ರೊವೈಡರ್ ಸ್ಟೇಟ್ (ತಾಳೆ ನೋಡುವಾಗ ಕೊಡುವ ಸರ್ವಿಸ್‌ನಲ್ಲಿ ಯಾವ ಡೇಟಾ ಇರಬೇಕೆಂಬ ಸ್ಥಿತಿ) ಮಾತ್ರ ಮನುಷ್ಯರೇ ಮಾತಾಡಿ ಬಗೆಹರಿಸಬೇಕಾದ್ದು. ಟೂಲ್ ಬರೆದದ್ದು ‘ದರ ಲಭ್ಯವಿದೆ’. ಗೆಳೆಯ ಫೋನಿನಲ್ಲೇ ಹಿಡಿದ:

“ಅಲ್ಲ ಮಾರಾಯ, ಯಾವ ಮಾರ್ಕೆಟ್ಟಿಂದು? ಸಾಗರದ್ದೋ ಶಿವಮೊಗ್ಗದ್ದೋ? ರಜೆ ದಿನ ಏನು ಕಳಿಸ್ಲಿ?”

ರಜೆಯ ದಿನ ಖಾಲಿ ಪಟ್ಟಿ. ‘ಈಚ್‌ಲೈಕ್’ ಎಂಬ ಪಟ್ಟಿಯ ಮ್ಯಾಚರ್ ಕನಿಷ್ಠ ಒಂದು ಸಾಲಾದರೂ ಬೇಕೆನ್ನುತ್ತದೆ, ಹಾಗಾಗಿ ಖಾಲಿ ಪಟ್ಟಿಗೆ ಬೇರೆಯೇ ಟೆಸ್ಟ್. ಸ್ಟೇಟ್ ಹೆಸರು ಈಗ ‘ಶಿವಮೊಗ್ಗದಲ್ಲಿ ರಾಶಿಗೆ ದರ ಇದೆ’, ‘ಶಿವಮೊಗ್ಗದಲ್ಲಿ ವಹಿವಾಟು ಇಲ್ಲ’. ಅದಕ್ಕೆ ತಕ್ಕ ಡೇಟಾ ಹಾಕುವ ಹ್ಯಾಂಡ್ಲರ್ ಅವನೇ ಬರೆದ.

ಕನಿಷ್ಠ ದರ ಗರಿಷ್ಠಕ್ಕಿಂತ ಕಡಿಮೆಯೇ ಎಂದು ನೋಡುವ ಟೆಸ್ಟನ್ನೂ ಟೂಲ್ ಬರೆದಿತ್ತು. ಅದು ಅವನ ಸರ್ವಿಸ್‌ನ ಒಳಗಿನ ಲೆಕ್ಕ, ಅಳಿಸಿದೆ. ಈಗ ಯಾವ ಸರ್ವಿಸ್ ಡಿಪ್ಲಾಯ್ ಆಗುವ ಮುಂಚೆಯೂ ಪೈಪ್‌ಲೈನ್ ಬ್ರೋಕರ್‌ಗೆ ‘ಕ್ಯಾನ್-ಐ-ಡಿಪ್ಲಾಯ್’ ಕೇಳುತ್ತದೆ, ಅಂದರೆ ಕರಾರು ತಾಳೆಯಾಗಿದೆಯೇ, ಬಿಡುಗಡೆ ಮಾಡಬಹುದೇ ಎಂದು.