ಡಿಸ್ಕ್ ಸತ್ತಿರಲಿಲ್ಲ, ಹೆಸರು ಬದಲಾಗಿತ್ತು

ಜುಲೈ ಮಳೆ ಬಿಡದೆ ಹೊಡೆಯುತ್ತಿದ್ದ ಒಂದು ಬೆಳಿಗ್ಗೆ ಆರೂವರೆಗೆ ಫೋನು. ಚಿಕ್ಕಮಗಳೂರಿನಲ್ಲಿ ಕಾಫಿ ಕೊಳ್ಳುವ ಆಫೀಸೊಂದರ ರೈಟ್ರು. "ಸಾರ್, ರಾತ್ರಿ ಮೂರ್ನಾಲ್ಕು ಸಲ ಕರೆಂಟ್ ಹೋಯ್ತು. ಯುಪಿಎಸ್ಸು ಸ್ವಲ್ಪ ಹೊತ್ತು ಕೂಗ್ಕೊಂಡು ಸುಮ್ನಾಯ್ತು. ಈಗ ಸರ್ವರ್‌ನಲ್ಲಿ ಬರೀ ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರ. ಬಿಲ್ಲಿಂಗ್ ಓಪನ್ನೇ ಆಗ್ತಿಲ್ಲ."

ನಾನಿರುವುದು ಹಾಸನದಲ್ಲಿ. ಬೇಲೂರು ಮೇಲೆ ಬಸ್ಸಿನಲ್ಲಿ ಹೋಗಿ ತಲುಪುವಾಗ ಹತ್ತಾಗಿತ್ತು. ದಾರಿಯುದ್ದಕ್ಕೂ ಹೊಸ ಡಿಸ್ಕ್ ಎಲ್ಲಿ ಸಿಕ್ಕೀತು ಎಂದೇ ಯೋಚನೆ.

ಮೆಷಿನ್‌ನಲ್ಲಿರುವುದು ಡೆಬಿಯನ್, ಲಿನಕ್ಸಿನ ಒಂದು ಬಗೆ. ಒಳಗೆ ಎರಡು ಡಿಸ್ಕ್: ಸಿಸ್ಟಮ್ಮು, ಬಿಲ್ಲಿಂಗ್ ಡೇಟಾಬೇಸು ಎರಡೂ ಇರುವ ಎಸ್‌ಎಸ್‌ಡಿ ಒಂದು, ರಾತ್ರಿ ಬ್ಯಾಕಪ್ ಹೋಗಿ ಬೀಳುವ ಹಳೆಯ ಹಾರ್ಡ್‌ಡಿಸ್ಕ್ ಇನ್ನೊಂದು. ಪರದೆಯ ಮೇಲೆ ಬೂಟ್ ಅರ್ಧಕ್ಕೇ ನಿಂತಾಗ ಬರುವ ಎಮರ್ಜೆನ್ಸಿ ಮೋಡ್, ರೂಟ್ (ಅಡ್ಮಿನ್) ಪಾಸ್‌ವರ್ಡ್ ಕೇಳುತ್ತಾ ನಿಂತಿತ್ತು. ಒಳಗೆ ಹೋಗಿ ಸಿಸ್ಟಮ್ಮಿನ ದಾಖಲೆಯಾದ ಜರ್ನಲ್ ನೋಡಿದರೆ /ಬ್ಯಾಕಪ್ ಮೌಂಟ್ ಆಗಿಲ್ಲ, ಅಂದರೆ ಬ್ಯಾಕಪ್ ಡಿಸ್ಕ್ ಆ ಡೈರೆಕ್ಟರಿಗೆ ಬಂದು ಕೂತಿಲ್ಲ. ಜೊತೆಗೆ ಎಲ್ಲರ ಎದೆ ಒಡೆಸುವ ಆ ಸಾಲು: ರಾಂಗ್ ಎಫ್ಎಸ್ ಟೈಪ್, ಬ್ಯಾಡ್ ಆಪ್ಷನ್, ಬ್ಯಾಡ್ ಸೂಪರ್‌ಬ್ಲಾಕ್. ಇವುಗಳಲ್ಲಿ ಯಾವುದೋ ಒಂದು ಎನ್ನುವ ಆ ಸಾಲನ್ನು ಪೂರ್ತಿ ಓದುವವರು ಕಡಿಮೆ. 'ಬ್ಯಾಡ್ ಸೂಪರ್‌ಬ್ಲಾಕ್', ಅಂದರೆ ಡಿಸ್ಕಿನ ಮುಖ್ಯ ದಾಖಲೆಯೇ ಕೆಟ್ಟಿದೆ ಎಂಬುದು, ಕಣ್ಣಿಗೆ ಬಿದ್ದದ್ದೇ ರಿಪೇರಿಗೆ ಕೈ ಹಾಕುತ್ತಾರೆ. ನಾನೂ ಹಾಕಿದ್ದೆ, ಡಿಸ್ಕ್ ರಿಪೇರಿಯ ಇ2ಎಫ್‌ಎಸ್‌ಸಿಕೆ ಅಂತ ಟೈಪ್ ಮಾಡಿ ಎಂಟರ್ ಒತ್ತುವ ಮೊದಲು ಏನನ್ನಿಸಿತೋ, ಅಳಿಸಿ ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ -ಎಫ್ ಕೊಟ್ಟೆ.

ಎರಡು ಡಿಸ್ಕ್ ಇರಬೇಕಾದಲ್ಲಿ ಮೂರು. ಎಸ್‌ಡಿಬಿ1 ಎಂಬ ಹೆಸರಿನ ಮುಂದೆ ಎನ್‌ಟಿಎಫ್‌ಎಸ್ ಎಂದಿದೆ, ಅದು ವಿಂಡೋಸಿನ ಫೈಲ್‌ಸಿಸ್ಟಮ್ (ಡಿಸ್ಕಿನಲ್ಲಿ ಫೈಲ್ ಜೋಡಿಸುವ ಬಗೆ). ಲಿನಕ್ಸಿನ ಇಎಕ್ಸ್‌ಟಿ4 ಇರುವ ನಮ್ಮ ಬ್ಯಾಕಪ್ ಡಿಸ್ಕ್ ಎಸ್‌ಡಿಸಿ ಆಗಿ ಕೆಳಗೆ ಆರಾಮಾಗಿ ಕೂತಿದೆ. ತಿರುಗಿ ನೋಡಿದರೆ ಕ್ಯಾಬಿನೆಟ್ ಹಿಂದುಗಡೆ ಒಂದು ಯುಎಸ್‌ಬಿ ಡಿಸ್ಕ್ ನೇತಾಡುತ್ತಿತ್ತು. "ಅದಾ ಸಾರ್? ಆಡಿಟರ್ ಕಡೆ ಹುಡುಗ ಮೊನ್ನೆ ಹಾಕಿದ್ದ, ಹಂಗೇ ಬಿಟ್ಟು ಹೋದ" ಎಂದರು ರೈಟ್ರು. ನಾನು ರಿಪೇರಿ ಮಾಡಹೊರಟಿದ್ದು ಆಡಿಟರ್ ಡಿಸ್ಕನ್ನು!

ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಕರ್ನಲ್‌ಗೆ (ಲಿನಕ್ಸಿನ ತಿರುಳಿಗೆ) ಯಾವ ಡಿಸ್ಕ್ ಮೊದಲು ಕಂಡಿತೋ ಆ ಸರದಿಯಲ್ಲಿ ಸಿಗುವಂಥವು, ಬಸ್ಸಿನ ಸೀಟಿನ ಹಾಗೆ. ಆ ದಿನ ಹಳೆಯ ಹಾರ್ಡ್‌ಡಿಸ್ಕ್ ತಿರುಗಲು ತಡ ಮಾಡಿರಬೇಕು, ಯುಎಸ್‌ಬಿ ಮುಂದೆ ಬಂದು ಕೂತಿತು. ಪ್ರತಿ ಫೈಲ್‌ಸಿಸ್ಟಮ್‌ಗೂ ಇರುವ ಗುರುತಿನ ಸಂಖ್ಯೆ ಯುಯುಐಡಿ ಹಾಗಲ್ಲ. ಅದು ಫೈಲ್‌ಸಿಸ್ಟಮ್‌ನ ಒಳಗೇ ಬರೆದಿರುತ್ತದೆ. ಕೇಬಲ್ ಬದಲಿಸಿದರೂ, ಬೇರೆ ಮೆಷಿನ್‌ಗೆ ಹಾಕಿದರೂ ಜೊತೆಗೇ ಬರುತ್ತದೆ. ಎರಡು ವರ್ಷದ ಹಿಂದೆ ಯಾವ ಡಿಸ್ಕ್ ಎಲ್ಲಿ ಕೂರಬೇಕೆಂಬ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಸೋಮಾರಿತನಕ್ಕೆ /ಡೆವ್/ಎಸ್‌ಡಿಬಿ1 ಎಂದು ಬರೆದಿಟ್ಟವನು ನಾನೇ.

ಬಿಎಲ್‌ಕೆಐಡಿ ಕೊಟ್ಟು ಯುಯುಐಡಿ ತೆಗೆದು ಆ ಸಾಲಿಗೆ ಹಾಕಿದೆ. ಜೊತೆಗೆ ನೋಫೇಲ್ ಆಪ್ಷನ್. ಅದಿಲ್ಲದಿದ್ದರೆ ಎಫ್‌ಎಸ್‌ಟ್ಯಾಬ್‌ನ ಒಂದು ಸಾಲು ಸೋತರೂ ಬೂಟ್ ನಡೆಸುವ ಸಿಸ್ಟಮ್‌ಡಿ ಇಡೀ ಬೂಟನ್ನೇ ನಿಲ್ಲಿಸುತ್ತದೆ. ಡಿಸ್ಕ್ ಕಾಣಿಸದಿದ್ದರೆ 90 ಸೆಕೆಂಡ್ ಕಾದು ಆಮೇಲೆ ನಿಲ್ಲಿಸುತ್ತದೆ. ಬ್ಯಾಕಪ್ ಡಿಸ್ಕ್ ಬರಲಿಲ್ಲವೆಂದು ಬಿಲ್ಲಿಂಗ್ ನಿಲ್ಲುವುದು ಯಾವ ನ್ಯಾಯ? (ಡೇಟಾಬೇಸ್ ಇರುವ ಡಿಸ್ಕಿಗೆ ಮಾತ್ರ ನೋಫೇಲ್ ಹಾಕಬೇಡಿ, ಅಲ್ಲಿ ನಿಲ್ಲುವುದೇ ಒಳ್ಳೆಯದು.) ಬದಲಾದ ಪಟ್ಟಿ ಓದಿಸಲು ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್, ತಪ್ಪಿದೆಯೇ ನೋಡಲು ಫೈಂಡ್‌ಎಂಎನ್‌ಟಿ --ವೆರಿಫೈ, ಡಿಸ್ಕ್ ಕೂರಿಸಲು ಮೌಂಟ್ -ಎ. ಕರ್ನಲ್ ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ, ಫೈಲ್‌ಸಿಸ್ಟಮ್‌ನ ಸ್ವಂತ ಜರ್ನಲ್‌ನಿಂದ ರಿಕವರಿ ಆದ ಸಾಲು ಬಂತು, ಡಿಸ್ಕ್ ಕೂತಿತು. ರೈಟ್ರು ತರಿಸಿದ ಕಾಫಿ ಕುಡಿದು ಹೊರಟೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಬರೆಯುತ್ತಲೇ ಇರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಮತ್ತೆ ಫೋನು: ಬಿಲ್ಲು ಸೇವ್ ಆಗುತ್ತಿಲ್ಲ. ಜಾಗದ ಲೆಕ್ಕ ಕೊಡುವ ಡಿಎಫ್ ನೋಡಿದರೆ ರೂಟ್, ಅಂದರೆ ಸಿಸ್ಟಮ್ ಇರುವ ಎಸ್‌ಎಸ್‌ಡಿ, 100 ಪರ್ಸೆಂಟ್ ತುಂಬಿದೆ, /ಬ್ಯಾಕಪ್ ಪಟ್ಟಿಯಲ್ಲೇ ಇಲ್ಲ. ಸಾಟಾ ಕೇಬಲ್ ಸಡಿಲವಾಗಿತ್ತು. ಮೆಷಿನ್ ಆಫ್ ಮಾಡಿ ಕೇಬಲ್ ಒತ್ತಿ ಕೂರಿಸಿದೆ, ಡಿಸ್ಕ್ ಮೌಂಟ್ ಆಯಿತು. ಆದರೆ ರೂಟ್ ಇನ್ನೂ ತುಂಬಿಯೇ ಇದೆ. ಡಿಯು -ಎಕ್ಸ್ ಕೊಟ್ಟು ಅಲ್ಲಿ ಕಾಣುವ ಫೈಲುಗಳ ಲೆಕ್ಕ ಹಾಕಿದರೆ ಅರ್ಧವೂ ಬರುವುದಿಲ್ಲ. ಅಳಿಸಿದ ಮೇಲೂ ಯಾವುದೋ ಪ್ರೋಗ್ರಾಮ್ ಹಿಡಿದುಕೊಂಡ ಫೈಲಿರಬಹುದೆಂದು ಎಲ್‌ಎಸ್‌ಓಎಫ್‌ನಲ್ಲಿ ಹುಡುಕಿದೆ. ಏನಿಲ್ಲ. ಆಗಷ್ಟೇ ರೀಬೂಟ್ ಆದ ಮೆಷಿನ್‌ನಲ್ಲಿ ಅದು ಇರುವುದಾದರೂ ಹೇಗೆ ಎಂಬುದು ಆಮೇಲೆ ಹೊಳೆಯಿತು.

ನೋಫೇಲ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಡಿಸ್ಕ್ ಬರಲಿಲ್ಲ, ಬೂಟ್ ಸದ್ದಿಲ್ಲದೆ ಮುಂದೆ ಹೋಯಿತು. ರಾತ್ರಿಯ ಸ್ಕ್ರಿಪ್ಟ್ ಖಾಲಿ /ಬ್ಯಾಕಪ್ ಡೈರೆಕ್ಟರಿಗೇ, ಅಂದರೆ ಎಸ್‌ಎಸ್‌ಡಿಗೇ, ದಿನಾ ಬರೆಯುತ್ತಾ ಬಂದಿತ್ತು. ಈಗ ಅದರ ಮೇಲೆ ನಿಜವಾದ ಡಿಸ್ಕ್ ಕೂತದ್ದರಿಂದ ಆ ಫೈಲುಗಳು ಚಾಪೆಯ ಕೆಳಗೆ ಸೇರಿದ್ದವು. ರೂಟನ್ನೇ ಇನ್ನೊಂದು ಕಡೆಯೂ ತೋರಿಸುವ ಮೌಂಟ್ --ಬೈಂಡ್ / /ಎಂಎನ್‌ಟಿ ಕೊಟ್ಟು /ಎಂಎನ್‌ಟಿ/ಬ್ಯಾಕಪ್ ತೆರೆದರೆ ಎಲ್ಲವೂ ಅಲ್ಲೇ, ತಾರೀಖಿನ ಸಮೇತ. ಡಿಸ್ಕಿಗೆ ಸಾಗಿಸಿ ಜಾಗ ಖಾಲಿ ಮಾಡಿದೆ.

ಆಮೇಲೆ /ಬ್ಯಾಕಪ್ ಅನ್‌ಮೌಂಟ್ ಮಾಡಹೋದರೆ 'ಟಾರ್ಗೆಟ್ ಈಸ್ ಬಿಸಿ'. ಯಾರಪ್ಪಾ ಎಂದು ಫ್ಯೂಸರ್ -ವಿಎಂ ಕೇಳಿದರೆ ನನ್ನದೇ ಶೆಲ್ (ಕಮಾಂಡ್ ಕೊಡುವ ಕಿಟಕಿ), ಆ ಡೈರೆಕ್ಟರಿಯೊಳಗೇ ನಿಂತಿದ್ದೆ. ಹೊರಗೆ ಬಂದು ಅನ್‌ಮೌಂಟ್ ಮಾಡಿ, ಖಾಲಿ ಡೈರೆಕ್ಟರಿಗೆ ಸಿಎಚ್‌ಅಟ್ಟರ್ +ಐ ಹಾಕಿದೆ. ಈಗ ಡಿಸ್ಕ್ ಇಲ್ಲದಾಗ ರೂಟ್ ಯೂಸರ್ ಕೂಡ ಅಲ್ಲಿ ಫೈಲ್ ಹುಟ್ಟಿಸಲಾರ. ಮೌಂಟ್ ಮಾಡಲು ಮಾತ್ರ ಅಡ್ಡಿಯಿಲ್ಲ. ಸ್ಕ್ರಿಪ್ಟಿನ ಮೊದಲ ಸಾಲಿಗೆ ಡಿಸ್ಕ್ ಕೂತಿದೆಯೇ ಎಂದು ನೋಡುವ ಮೌಂಟ್‌ಪಾಯಿಂಟ್ -ಕ್ಯೂ /ಬ್ಯಾಕಪ್ ಸೇರಿಸಿದೆ, ಅದು ಸೋತರೆ ನನಗೊಂದು ಮೇಲ್.

ನಂಬಿಕೆ ಬರಲಿಲ್ಲ. ಮೆಷಿನ್ ಆಫ್ ಮಾಡಿಸಿ, ಕೇಬಲ್ ಬೇಕೆಂದೇ ಕಿತ್ತು, ಆನ್ ಮಾಡಿಸಿ, ಸ್ಕ್ರಿಪ್ಟ್ ಓಡಿಸಿದೆ. ಮೊದಲ ಸಾಲಿಗೇ ನಿಂತಿತು, ಜೇಬಿನಲ್ಲಿ ಫೋನು ನಡುಗಿತು. "ಸರಿ ಇದ್ದಿದ್ನ ಯಾಕೆ ಸಾರ್ ಕೀಳ್ತೀರಾ?" ಎಂದರು ರೈಟ್ರು. ಕೇಬಲ್ ವಾಪಸ್ ಸಿಕ್ಕಿಸಿ, ಅದಕ್ಕೆ ಟೇಪು ಸುತ್ತಿಸಿ, ಕೊನೆಯ ಬೇಲೂರು ಬಸ್ಸಿಗೆ ಓಡಿದೆ.