ವರ್ಡ್‌ನಲ್ಲಿ ಕನ್ನಡ ಗ್ರಂಥಋಣ: ಅಂತೂ ಕೂತಿತು

ಶಿರಸಿಯಲ್ಲಿ ಡಿಟಿಪಿ ಅಂಗಡಿ ಇಟ್ಟು ಹದಿನಾರೋ ಹದಿನೇಳೋ ವರ್ಷ ಆಯಿತು. ಮಹಾಪ್ರಬಂಧಗಳನ್ನೇ ಮೂವತ್ತರ ಮೇಲೆ ಟೈಪ್ ಮಾಡಿರಬೇಕು. ಅಷ್ಟೂ ಸಲ ಗ್ರಂಥಋಣ ಜೋಡಿಸಿದ್ದು ಕೈಯಲ್ಲೇ. ಗೈಡ್ ಒಂದು ಕಾಮಾ ಬದಲಿಸಿ ಅಂದರೆ ಮತ್ತೆ ಮೊದಲಿಂದ. ಗ್ರಂಥಋಣವನ್ನು ವರ್ಡ್ ತಾನೇ ಜೋಡಿಸುವ ಹಾಗೆ ಅದಕ್ಕೆ ನಮ್ಮದೇ ಸ್ಟೈಲ್ ಹಾಕುತ್ತೇನೆ ಅಂದಾಗ ಕುಮಟೆಯ ಗೆಳೆಯ ನಕ್ಕುಬಿಟ್ಟ. ಅವನದೂ ಇದೇ ಕಸುಬು. "ಅದೆಲ್ಲ ಪ್ರೋಗ್ರಾಮರ್ ಕೆಲಸ ಮಾರಾಯ, ನಿಂಗೆ ಎಂತಕ್ಕೆ ಆ ಉಸಾಬರಿ?"

ಕಳೆದ ಮಳೆಗಾಲದ ಮೊದಲು ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಮೇಲೆ ಒಂದು ಪ್ರಬಂಧ ಬಂತು. ಸುಮಾರು 280 ಪುಟ, ಆಕರಗಳು 340ರ ಹತ್ತಿರ. ವರ್ಡ್‌ನಲ್ಲಿರುವ ಎಪಿಎ ಅನ್ನೋ ಇಂಗ್ಲಿಷ್ ಸ್ಟೈಲ್ ಹಾಕಿದರೆ ನಮ್ಮ ಸೀಮೆಯಲ್ಲಿ ಏನಾಗುತ್ತದೆ ಗೊತ್ತಲ್ವಾ? ಅಡ್ಡಹೆಸರು ಮುಂದೆ ಬರುತ್ತದೆ. ಎರಡೂವರೆ ಪುಟ ಬರೀ ಹೆಗಡೆ, ಆಮೇಲೆ ಭಟ್ಟ, ಆಮೇಲೆ ನಾಯ್ಕ. ಹೆಸರು ಹೇಗಿದೆಯೋ ಹಾಗೇ ಇರಲಿ, ಅಕಾರಾದಿಯೂ ಹಾಗೇ ಆಗಲಿ ಅಂದರು ಗೈಡ್. ನ್ಯಾಯವಾದ ಮಾತೇ.

ಸ್ಟೈಲ್ ಫೈಲ್‌ಗಳು ವಿಂಡೋಸ್‌ನಲ್ಲಿ ಇರುವ ಫೋಲ್ಡರ್ ಇದು: ಆಪ್‌ಡೇಟಾ, ರೋಮಿಂಗ್, ಮೈಕ್ರೋಸಾಫ್ಟ್, ಬಿಬ್ಲಿಯಾಗ್ರಫಿ, ಸ್ಟೈಲ್. ಅಲ್ಲಿಯ ಎಪಿಎ ಸ್ಟೈಲ್‌ನ ಫೈಲ್ (ಎಕ್ಸ್‌ಎಸ್‌ಎಲ್ ಅನ್ನೋ ನಮೂನೆಯದು) ಕಾಪಿ ಮಾಡಿ ಹೆಸರು ಬದಲಿಸಿದೆ. ವರ್ಡ್ ಮುಚ್ಚಿ ತೆರೆದರೆ ಪಟ್ಟಿಯಲ್ಲಿ ಎರಡು ಎಪಿಎ! ಅದು ಫೈಲ್‌ನ ಹೆಸರನ್ನು ನೋಡುವುದಿಲ್ಲ, ಒಳಗೆ ಬರೆದ ಹೆಸರನ್ನು ನೋಡುತ್ತದೆ. ಭಾಷೆಗೊಂದು ನಂಬರ್ ಕೊಟ್ಟು ಆ ಹೆಸರು ಇಟ್ಟಿರುತ್ತಾರೆ. ಕನ್ನಡದ್ದು 1099 ಅಂತ ಹುರುಪಿನಿಂದ ಅದನ್ನೇ ಸೇರಿಸಿದೆ. ಪ್ರಯೋಜನ ಇಲ್ಲ. ನನ್ನ ಆಫೀಸ್ ಇಂಗ್ಲಿಷಿನದು, ಇಂಗ್ಲಿಷಿನ ನಂಬರ್ 1033ರಲ್ಲೇ ಬದಲಿಸಬೇಕಿತ್ತು. ಒಂದು ಸಂಜೆ ಅದಕ್ಕೇ ಹೋಯಿತು.

ಮಾರನೇ ದಿನ ಸ್ಟೈಲ್ ಬಂತು, ಆದರೆ ಲೇಖಕರ ಹೆಸರುಗಳ ನಡುವಿನ ಇಂಗ್ಲಿಷ್ "ಆಂಡ್" ಬದಲು ನಾನು ಹಾಕಿದ "ಮತ್ತು" ಇದ್ದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. ಅಂಗಡಿಯ ಹಳೇ ಕಂಪ್ಯೂಟರಿನ ನೋಟ್‌ಪ್ಯಾಡ್ ಅದನ್ನು ಕನ್ನಡ ಹಿಡಿಸದ ಎಎನ್‌ಎಸ್‌ಐ ಅನ್ನೋ ಹಳೇ ನಮೂನೆಯಲ್ಲಿ ಸೇವ್ ಮಾಡಿತ್ತು. ಕನ್ನಡ ಹಿಡಿಸುವ ಯುಟಿಎಫ್-8 ಆರಿಸಿದ ಮೇಲೆ ಸರಿಹೋಯಿತು. ಅಂದ ಹಾಗೆ ಆ "ಆಂಡ್" ಫೈಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ವರ್ಡ್ ಅದನ್ನು ಭಾಷೆಯ ನಂಬರ್ ನೋಡಿ ತಾನೇ ತಂದುಕೊಡುತ್ತದೆ. ಹಾಗೆ ಕೇಳುವ ಸಾಲನ್ನೇ ತೆಗೆದು ಕನ್ನಡ ಪದ ಕೂರಿಸಬೇಕು. ಅಂಥ ಸಾಲು ಎಲ್ಲೆಲ್ಲಿವೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಹನ್ನೆರಡು ರಾತ್ರಿ ಕೂತಿದ್ದೇನೆ, ಸ್ವಲ್ಪ ನೀವೂ ಕೂತುಕೊಳ್ಳಿ.

ದೊಡ್ಡ ತಲೆನೋವು ಇನಿಷಿಯಲ್‌ದು. ಎಪಿಎ ಫೈಲ್ ಹೆಸರಿನ ಮೊದಲ ಒಂದು ಅಕ್ಷರ ಕತ್ತರಿಸಿಕೊಳ್ಳುತ್ತದೆ. ಇಂಗ್ಲಿಷಿಗೆ ಅದು ಸರಿ. ಕಂಪ್ಯೂಟರ್ ಮೂಲಾಕ್ಷರ, ಕೊಂಬು, ಒತ್ತು ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ, ನಮ್ಮ "ಗೋ" ಅದಕ್ಕೆ ಎರಡು ತುಂಡು, "ಶ್ರೀ" ನಾಲ್ಕು ತುಂಡು. ಹಾಗಾಗಿ ಗೋಪಾಲನೂ ಗ, ಗುರುವೂ ಗ, ಶ್ರೀಧರ ಬರೀ ಶ. ಕೊಂಬು, ದೀರ್ಘ, ಒತ್ತು ಎಲ್ಲ ಹಾರಿಹೋಗುತ್ತವೆ. ತುಂಡು ಎಣಿಸಿ ಸರಿಮಾಡಲು ಒಂದು ವಾರ ಒದ್ದಾಡಿದೆ, ಅದರ ನಡುವೆ ದಿನಾ ಕರೆಂಟ್ ಹೋಗುವ ಕಾಟ ಬೇರೆ. ಆಮೇಲೆ ಹೊಳೆಯಿತು, ಕತ್ತರಿಸುವುದಾದರೂ ಯಾಕೆ? ಆ ತುಣುಕನ್ನೇ ಕಿತ್ತುಹಾಕಿ ಪೂರ್ತಿ ಹೆಸರು ಬರುವ ಹಾಗೆ ಮಾಡಿದೆ.

ಖುಷಿಯಾಗಿ ಪ್ರಿಂಟ್ ತೆಗೆದರೆ ಹೆಸರು ಮುಂದೆ ಇದೆ, ಜೋಡಣೆ ಮಾತ್ರ ಅಡ್ಡಹೆಸರಿನ ಪ್ರಕಾರವೇ. ವಿಂಗಡಣೆಗೆ ಫೈಲ್‌ನಲ್ಲಿ ಬೇರೆಯೇ ಭಾಗ ಇದೆ, ಅದನ್ನು ನಾನು ಮುಟ್ಟಿರಲಿಲ್ಲ. ಇನ್ನು 1883ರ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ನ ಕೆನರಾ ಸಂಪುಟ ಇದೆಯಲ್ಲ, ಅದಕ್ಕೆ ಲೇಖಕರ ಜಾಗದಲ್ಲಿ "ಮುಂಬೈ ಸರ್ಕಾರ" ಅಂತ ಹಾಕಿದ್ದೆ. ಎಪಿಎಯಲ್ಲಿ "ಸರ್ಕಾರ, ಮ." ಅಂತ ಬಂದಿತ್ತು. ಸರ್ಕಾರಕ್ಕೂ ಇನಿಷಿಯಲ್! ಇಂಥದ್ದಕ್ಕೆ ಆಕರ ತುಂಬುವಾಗ ಕಾರ್ಪೊರೇಟ್ ಆಥರ್ (ಸಂಸ್ಥೆಯೇ ಲೇಖಕ) ಟಿಕ್ ಮಾಡಿ, ಹೆಸರು ಒಡೆಯುವುದಿಲ್ಲ.

ಮಧ್ಯೆ ಆಕರ ಜೋಡಿಸುವ ಬೇರೆ ತಂತ್ರಾಂಶ ಝೊಟೆರೋ ಕೂಡ ನೋಡಿದೆ. ಸ್ಟೈಲ್ ಬದಲಿಸೋದು ಅಲ್ಲಿ ನಿಜಕ್ಕೂ ಸುಲಭ. ಆದರೆ ಗಿರಾಕಿಗೂ ಅದನ್ನು ಹಾಕಿಕೊಡಬೇಕು, ಕಲಿಸಬೇಕು. ಪುಟಕ್ಕೆ 22 ರೂಪಾಯಿಗೆ ಅದೆಲ್ಲ ಯಾರು ಮಾಡುತ್ತಾರೆ? ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಹಳೇ ಫಾಂಟಿನಲ್ಲಿ ಇದ್ದ ಆಕರಗಳನ್ನು ಹಾಗೇ ಹಾಕಲೂ ನೋಡಿದೆ. ವರ್ಡ್‌ನ ಆಕರಪಟ್ಟಿ ಸೋರ್ಸ್ ಮ್ಯಾನೇಜರ್‌ನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಯುನಿಕೋಡ್ ಮಾಡಿ, ಅರ್ಕಾವತ್ತು ಒಂದೊಂದೇ ನೋಡಿ ಹಾಕಬೇಕು, ಬೇರೆ ದಾರಿ ಇಲ್ಲ.

ಇಷ್ಟಾದ ಮೇಲೂ ದುಡ್ಡು ಹೋಯಿತು. ಫೈಲನ್ನು ಗೈಡ್‌ಗೆ ಕಳಿಸಿದೆವು. ಅವರ ಕಂಪ್ಯೂಟರಿನಲ್ಲಿ ನನ್ನ ಸ್ಟೈಲ್ ಇಲ್ಲ. ಅವರು ಸುಮ್ನೆ ಅಪ್‌ಡೇಟ್ ಒತ್ತಿದರು, ಎಲ್ಲ ಕಲಸಿಹೋಯಿತು. ಯಾರೂ ನೋಡದೆ ಅದನ್ನೇ ಮೂರು ಪ್ರತಿ ಪ್ರಿಂಟ್ ಹಾಕಿ ಬೈಂಡ್ ಮಾಡಿಸಿದೆವು. ಎರಡು ಸಾವಿರದ ಚಿಲ್ಲರೆ ನನ್ನ ಕೈಯಿಂದ. ಈಗ ಕಳಿಸುವ ಪ್ರತಿಯಲ್ಲಿ ಗ್ರಂಥಋಣ ಮತ್ತು ಉಲ್ಲೇಖ ಎರಡನ್ನೂ ಸ್ಟ್ಯಾಟಿಕ್ ಟೆಕ್ಸ್ಟ್ (ಅಪ್‌ಡೇಟ್ ಆಗದ ಬರೀ ಅಕ್ಷರ) ಮಾಡಿಬಿಡುತ್ತೇನೆ. ಮೂಲ ಪ್ರತಿ ನನ್ನ ಹತ್ತಿರವೇ.

ಅದಾದ ಮೇಲೆ ಮೂರು ಪ್ರಬಂಧ ಮುಗಿಸಿದ್ದೇನೆ. ಮೊದಲು ಮೂರು ದಿನ ತಿನ್ನುತ್ತಿದ್ದ ಕೆಲಸ ಈಗ ಅರ್ಧ ದಿನ. ಗ್ರಂಥಋಣಕ್ಕೇ ಬೇರೆ 1,500 ತೆಗೆದುಕೊಳ್ಳುತ್ತೇನೆ, ಯಾರೂ ಜಾಸ್ತಿ ಅಂದಿಲ್ಲ. ಅಡಿಟಿಪ್ಪಣಿಯಲ್ಲಿ "ಅದೇ, ಪು. 42" ಅಂತ ವರ್ಡ್ ತಾನಾಗಿ ಹಾಕುವುದಿಲ್ಲ, ಅದಕ್ಕೊಂದು ಮ್ಯಾಕ್ರೋ (ವರ್ಡ್ ಒಳಗೆ ಓಡುವ ಪುಟ್ಟ ಪ್ರೋಗ್ರಾಮ್) ಮಾಡಿಕೊಂಡಿದ್ದೇನೆ.

ಹೋದ ತಿಂಗಳು ಕುಮಟೆಯವ ಘಟ್ಟ ಹತ್ತಿ ಬಂದಿದ್ದ, ಪೆನ್‌ಡ್ರೈವ್ ಹಿಡಿದುಕೊಂಡು. ಚಹಾ ಕುಡಿಸಿ ಸ್ಟೈಲ್ ಫೈಲ್ ಹಾಕಿಕೊಟ್ಟೆ. ಮ್ಯಾಕ್ರೋ ಕೊಡಲಿಲ್ಲ. ಬಸ್ಸು ಹತ್ತುವವರೆಗೂ ಅದನ್ನೇ ಕೇಳುತ್ತಿದ್ದ.