ಉಯಿಲಿನಿಂದ ಹಿಂದಕ್ಕೆ: ವಿಲಿಯಂ ಕೇರಿ ಚರಿತ್ರೆಯನ್ನು ಲೆಕ್ಕ ಹಿಡಿದು ಬರೆದ ಬಗೆ (ನನ್ನ ಅನುಭವ)

ಇಂಗ್ಲೆಂಡಿನಿಂದ ಬಂಗಾಳಕ್ಕೆ ಬಂದ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಕೇರಿಯವರ ಚರಿತ್ರೆಯನ್ನು ಹಣದ ಲೆಕ್ಕ ಹಿಡಿದು ಬರೆಯುವ ಮಾತೆತ್ತಿದಾಗ ನಮ್ಮ ಬಳಗದಲ್ಲಿ ಯಾರೂ ಸೊಪ್ಪು ಹಾಕಲಿಲ್ಲ. ‘ಸಭಾಪಾಲಕರ ಬದುಕು ಅಂದ್ರೆ ಕಿರಾಣಿ ಅಂಗಡಿ ಖಾತೆ ಅಂದ್ಕೊಂಡ್ರಾ?’ ಎಂದವರೇ ಜಾಸ್ತಿ. ಈಗ 64 ಪುಟದ ಪುಸ್ತಿಕೆ ಅಚ್ಚಾಗಿದೆ, ಮೊದಲ ಮುದ್ರಣ ಖಾಲಿಯಾಗಿದೆ, ಹಾಗೆ ಕೇಳಿದವರೇ ಸಂಡೇ ಸ್ಕೂಲಿಗೆ ಹತ್ತು ಪ್ರತಿ ಬೇಕು ಅನ್ನುತ್ತಿದ್ದಾರೆ. ಜೀವನಚರಿತ್ರೆ ಬರೆಯುವವರಿಗೆ, ಕ್ರೈಸ್ತ ಸಭೆಯ ಇತಿಹಾಸ ಜೋಡಿಸುವವರಿಗೆ ಉಪಯೋಗಕ್ಕೆ ಬಂದೀತೆಂದು ವಿಧಾನ ಬರೆದಿಡುತ್ತಿದ್ದೇನೆ. ಪಾಲರ್ಸ್‌ಪುರಿಯ ಹುಟ್ಟು, ಚಮ್ಮಾರಿಕೆ, ದೀಕ್ಷಾಸ್ನಾನ, ಹಡಗು, ಕಲ್ಕತ್ತದ ಹತ್ತಿರದ ಸೆರಾಂಪುರ ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಮತ್ತೆ ಹೇಳುವುದಿಲ್ಲ.

ಮಾಮೂಲಿ ಕ್ರಮ ಕೈಕೊಡುವುದು ಕಾಗದಗಳಿಂದ. ಹಳೆಯ ಚರಿತ್ರೆಗಳೆಲ್ಲ ಕೇರಿ ಬರೆದ ಪತ್ರಗಳ ಮೇಲೆ ನಿಂತಿವೆ. ಪತ್ರ ಸಿಕ್ಕ ವರ್ಷ ಊದಿಕೊಳ್ಳುತ್ತದೆ, ಸಿಗದ ವರ್ಷ ಸೊರಗುತ್ತದೆ. ಆ ಕ್ರಮದಲ್ಲಿ ಹೊರಟ ಕರಡುಗಳಲ್ಲಿ 1792–93ಕ್ಕೇ ಅರ್ಧ ಪುಸ್ತಕ ಮುಗಿದುಹೋಗುತ್ತಿತ್ತು. ಶಾಲೆಗಳ ವಿಷಯಕ್ಕೆ ಬರುವಷ್ಟರಲ್ಲಿ ಪುಟವೂ ಇಲ್ಲ, ಓದುಗರಿಗೆ ತಾಳ್ಮೆಯೂ ಇಲ್ಲ. ನೂರರ ಆಸುಪಾಸು ಶಾಲೆ, ಆರೇಳು ಸಾವಿರ ಮಕ್ಕಳು ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದರೆ, ಮೇಷ್ಟ್ರ ಸಂಬಳ ಯಾರು ಕೊಟ್ಟರು ಅನ್ನುವುದು ಉಳಿದೇ ಹೋಗುತ್ತದೆ.

ಆದ್ದರಿಂದ ತುದಿಯಿಂದ ಶುರು ಮಾಡಬೇಕು. ಕೇರಿ ತೀರಿಕೊಂಡದ್ದು 1834ರ ಜೂನ್ 9ರಂದು. ಉಯಿಲಿನಲ್ಲಿ ತಮ್ಮ ಸಂಗ್ರಹಾಲಯದ ವಸ್ತುಗಳನ್ನು ಸೆರಾಂಪುರ ಕಾಲೇಜಿಗೆ ಬಿಟ್ಟರು. ಮಗ ಜೇಬೆಜ್‌ಗೆ ಸೇರಬೇಕಾದ 1500 ರೂಪಾಯಿಯನ್ನು ತಮ್ಮ ಪುಸ್ತಕಗಳನ್ನು ಹರಾಜು ಹಾಕಿ ಕೊಡಿ ಎಂದು ಬರೆಸಿದರು. ತಿಂಗಳಿಗೆ 1000 ರೂಪಾಯಿ ಸಂಬಳ ಎಣಿಸಿದವರ ಕೈಯಲ್ಲಿ ಕೊನೆಗೆ 1500 ರೂಪಾಯಿ ನಗದಿಲ್ಲ. ಪುಸ್ತಿಕೆಯ ಮೊದಲ ಪುಟ ಇಷ್ಟೇ. ಅಲ್ಲಿಂದ ವರ್ಷ ವರ್ಷ ಹಿಂದಕ್ಕೆ ಹೋಗಿ ದುಡ್ಡು ಎಲ್ಲಿ ಬಂತು, ಎಲ್ಲಿ ಹೋಯಿತು ಎಂದು ಹುಡುಕುತ್ತಾ ಹೋದರೆ ಬದುಕು ತಾನಾಗಿ ಬಿಚ್ಚಿಕೊಳ್ಳುತ್ತದೆ. ಬರೆಯುವಾಗ ಮಾತ್ರ ಮುಂದಕ್ಕೇ ಬರೆಯಿರಿ. ಹಿಂದುಮುಂದಾಗಿ ಬರೆದ ಕರಡನ್ನು ಯಾರೂ ಮೂರು ಪುಟದಾಚೆ ಓದಲಿಲ್ಲ.

ಪಟ್ಟಿ ಹೀಗಿರಲಿ. ವರ್ಷಕ್ಕೊಂದು ಸಾಲು ಬೇಡ, ಆದಾಯದ ಮೂಲಕ್ಕೊಂದು ಸಾಲು. ಅಂಕಣಗಳು: ಯಾವಾಗಿನಿಂದ ಯಾವಾಗಿನವರೆಗೆ, ಊರು, ಕೆಲಸ, ಕೊಟ್ಟವರು, ಅಚ್ಚಿನಲ್ಲಿದ್ದಂತೆ ಮೊತ್ತ, ದಶಮಾಂಶದಲ್ಲಿ ಪೌಂಡು, ಸಿಕ್ಕಾ ರೂಪಾಯಿ (ಆಗಿನ ಬಂಗಾಳದ ಬೆಳ್ಳಿ ರೂಪಾಯಿ), ಹೋದದ್ದೆಲ್ಲಿಗೆ, ಯಾವ ಪುಸ್ತಕದ ಎಷ್ಟನೇ ಪುಟ, ಎಷ್ಟು ನಂಬಬಹುದು ಎಂಬ ಗುರುತು. ‘ಅಚ್ಚಿನಲ್ಲಿದ್ದಂತೆ’ ಅಂಕಣವನ್ನು ಒಮ್ಮೆ ತುಂಬಿದ ಮೇಲೆ ಮುಟ್ಟಬಾರದು. 20 ಶಿಲಿಂಗ್‌ಗೆ ಒಂದು ಪೌಂಡು, 12 ಪೆನ್ಸ್‌ಗೆ ಒಂದು ಶಿಲಿಂಗ್. 1792ರ ಅಕ್ಟೋಬರ್ 2ರಂದು ಕೆಟರಿಂಗ್‌ನಲ್ಲಿ ಬ್ಯಾಪ್ಟಿಸ್ಟ್ ಮಿಷನ್ ಸಂಘ ಕಟ್ಟಿದ ದಿನ ಬರೆಸಿಕೊಂಡ ವಂತಿಗೆ 13 ಪೌಂಡು 2 ಶಿಲಿಂಗ್ 6 ಪೆನ್ಸ್. ಅದು 13.125, 13.26 ಅಲ್ಲ. ಪೌಂಡಿಗೆ 8 ಸಿಕ್ಕಾ ರೂಪಾಯಿಯ ಲೆಕ್ಕದಲ್ಲಿ 105 ರೂಪಾಯಿ. ಈ ದರ ವರ್ಷ ವರ್ಷ ಸ್ವಲ್ಪ ಆಡುತ್ತದೆ, ಆದರೆ ಹೋಲಿಕೆಗೆ ಒಂದೇ ದರ ಹಿಡಿದರೆ ಸಾಕು. ಇವತ್ತಿನ ರೂಪಾಯಿಗೆ ಮಾತ್ರ ಇಳಿಸಬೇಡಿ. ಅಕ್ಕಿಯ ಬೆಲೆ ಹಿಡಿದರೆ ಒಂದು ಉತ್ತರ, ಕೂಲಿ ಹಿಡಿದರೆ ಇನ್ನೊಂದು. ಓದುಗರು ಆ ಒಂದು ಅಂಕಿಯನ್ನೇ ನೆನಪಿಟ್ಟುಕೊಂಡು ಉಳಿದದ್ದನ್ನು ಮರೆಯುತ್ತಾರೆ.

ಸ್ಕ್ಯಾನ್ ಪುಸ್ತಕಗಳನ್ನು ಓಸಿಆರ್‌ಗೆ (ಚಿತ್ರದಿಂದ ಅಕ್ಷರ ಓದುವ ತಂತ್ರಾಂಶಕ್ಕೆ) ಹಾಕುವವರು ಎರಡು ಕಡೆ ಎಚ್ಚರ ವಹಿಸಬೇಕು. ಹಳೆಯ ಅಚ್ಚಿನಲ್ಲಿ ಪೌಂಡಿಗೆ ಈಗಿನ ಚಿಹ್ನೆ ಬದಲು ಇಂಗ್ಲಿಷಿನ ಸಣ್ಣ ‘ಎಲ್’ ಅಕ್ಷರ ಅಂಕಿಯ ನಂತರ ಇರುತ್ತದೆ. ಓಸಿಆರ್ ಅದನ್ನು ‘1’ ಎಂದು ಓದಿ 13 ಪೌಂಡನ್ನು 131 ಮಾಡಿಬಿಡುತ್ತದೆ. ಕೊನೆಯಲ್ಲಿ 1 ಇರುವ ಎಲ್ಲ ಮೊತ್ತವನ್ನೂ ಬೇರೆ ಬಣ್ಣ ಹಚ್ಚಿ ಕಣ್ಣಿನಿಂದಲೇ ನೋಡಿ. 1790ರ ದಶಕದ ಅಚ್ಚಿನಲ್ಲಿ ಉದ್ದ ‘ಎಸ್’ ಅಕ್ಷರ ‘ಎಫ್’ ಆಗುತ್ತದೆ, ಹೆಸರು ಹುಡುಕಿದರೆ ಸಿಗುವುದಿಲ್ಲ. ಮದ್ನಾಬತಿ ಊರಿಗೆ ಕಡಿಮೆಯೆಂದರೂ ಮೂರು ಕಾಗುಣಿತ, ಕನ್ನಡ ಭಾಷೆಗೆ ‘ಕರ್ನಾಟ’, ‘ಕೆನರೀಸ್’ ಎರಡೂ ಇವೆ.

ಇನ್ನು ಫಲ. ಮೌಲ್ಟನ್‌ನಲ್ಲಿ ಕೇರಿ ಪಾಸ್ಟರ್ ಆಗಿದ್ದಾಗ ಸಭೆ ಕೊಡುತ್ತಿದ್ದದ್ದು ಲಂಡನ್ನಿನ ನಿಧಿಯ ನೆರವೂ ಸೇರಿ ವರ್ಷಕ್ಕೆ ಹದಿನೈದು-ಹದಿನಾರು ಪೌಂಡು. ಊರ ಮಕ್ಕಳಿಗೆ ಶಾಲೆ ನಡೆಸಿ ಸಿಕ್ಕದ್ದು ಚೆನ್ನಾಗಿ ನಡೆದ ವಾರ ಏಳೂವರೆ ಶಿಲಿಂಗ್. ಬೂಟು ಹೊಲಿದರೆ ವಾರಕ್ಕೆ ಒಂಬತ್ತು-ಹತ್ತು ಶಿಲಿಂಗ್. ಮೂರನ್ನೂ ವರ್ಷಕ್ಕೆ ಇಳಿಸಿ: ಸಭೆ 16 ಪೌಂಡು, ಶಾಲೆ ಹೆಚ್ಚೆಂದರೆ ಹತ್ತೊಂಬತ್ತೂವರೆ, ಚರ್ಮ 25ರ ಹತ್ತಿರ. ‘ಚಮ್ಮಾರಿಕೆ ಬಿಟ್ಟು ಸೇವೆಗೆ ಬಂದರು’ ಎಂದು ನಾವೆಲ್ಲ ಪ್ರಸಂಗದಲ್ಲಿ (ಚರ್ಚಿನ ಉಪದೇಶದಲ್ಲಿ) ಹೇಳುವ ಮಾತು ಈ ಮೂರು ಸಾಲಿನ ಮುಂದೆ ನಿಲ್ಲುವುದಿಲ್ಲ. ಚಮ್ಮಾರಿಕೆಯೇ ಸೇವೆಯನ್ನು ಸಾಕಿತ್ತು. ಈ ಪುಟವೊಂದಕ್ಕೇ ಪುಸ್ತಿಕೆಯ ದುಡ್ಡು ವಸೂಲಾಯಿತು ಅಂತ ಹಿರಿಯ ಸಭಾಪಾಲಕರೊಬ್ಬರು ಹೇಳಿದ್ದನ್ನು ನಾಚಿಕೆ ಬಿಟ್ಟು ಇಲ್ಲಿ ಹಾಕುತ್ತಿದ್ದೇನೆ.

1794ರಲ್ಲಿ ಮಾಲ್ಡಾ ಕಡೆಯ ಮದ್ನಾಬತಿಯಲ್ಲಿ ನೀಲಿ ಕಾರ್ಖಾನೆಯ ಮೇಲ್ವಿಚಾರಣೆ, ತಿಂಗಳಿಗೆ 200 ರೂಪಾಯಿ. ವರ್ಷಕ್ಕೆ 300 ಪೌಂಡು ಆಯಿತು, ಮೌಲ್ಟನ್ ಸಭೆ ಕೊಟ್ಟದ್ದರ ಹತ್ತೊಂಬತ್ತು ಪಟ್ಟು. ಇಲ್ಲೇ ಮೊದಲ ಶಾಲೆ, ಇಲ್ಲೇ ಕಾರ್ಖಾನೆಯ ಒಡೆಯ ಉಡ್ನಿ ಕೊಡಿಸಿದ ಮರದ ಅಚ್ಚುಯಂತ್ರ. ಪತ್ರ ಹಿಡಿದು ಬರೆದ ಚರಿತ್ರೆಗಳು ಈ ಆರು ವರ್ಷವನ್ನು ‘ಫಲವಿಲ್ಲದ ಕಾಲ’ ಎಂದು ತಳ್ಳಿಹಾಕುತ್ತವೆ. ಪಟ್ಟಿಯಲ್ಲಿ ನೋಡಿದರೆ ಮುಂದಿನದ್ದಕ್ಕೆಲ್ಲ ಬುನಾದಿ ಬಿದ್ದದ್ದೇ ಇಲ್ಲಿ.

ಸೆರಾಂಪುರದ ಸಾಲುಗಳಿಗೆ ಬಂದಾಗ ಪಟ್ಟಿ ಒಡೆಯುತ್ತದೆ. 1800ರ ನಂತರ ಕೇರಿ, ಅವರ ಸಂಗಾತಿ ಮಿಷನರಿಗಳಾದ ಮಾರ್ಷ್‌ಮನ್, ವಾರ್ಡ್ ಮೂವರದ್ದೂ ಒಂದೇ ಹುಂಡಿ. ಯಾರ ದುಡಿಮೆಯೂ ಅವರವರದಲ್ಲ, ಎಲ್ಲ ಸೇರಿಸಿ ಮನೆಖರ್ಚಿಗೆ ಇಷ್ಟಿಷ್ಟು ತೆಗೆದುಕೊಳ್ಳುವ ಏರ್ಪಾಡು. ಕೇರಿಯವರೊಬ್ಬರದೇ ಪಟ್ಟಿ ಇಟ್ಟುಕೊಂಡರೆ ಬರುವುದು ಕಾಣುತ್ತದೆ, ಹೋಗುವುದು ಕಾಣುವುದಿಲ್ಲ. ಇಲ್ಲಿಂದ ಮೂರು ಹೆಸರಿಗೂ ಪಟ್ಟಿ ತೆರೆದು, ಮಧ್ಯೆ ಒಂದು ‘ಹುಂಡಿ’ ಹಾಳೆ ಇಡಬೇಕು. ಕಂಪನಿಯ ಅಧಿಕಾರಿಗಳಿಗೆ ದೇಶಭಾಷೆ ಕಲಿಸುತ್ತಿದ್ದ ಕಲ್ಕತ್ತದ ಫೋರ್ಟ್ ವಿಲಿಯಂ ಕಾಲೇಜಿನಿಂದ ಕೇರಿಗೆ 1801ರಲ್ಲಿ ತಿಂಗಳಿಗೆ 500 ರೂಪಾಯಿ, 1807ರಲ್ಲಿ ಪ್ರೊಫೆಸರ್ ಆದಾಗ 1000. ವಾರ್ಡ್ ನೋಡಿಕೊಂಡ ಅಚ್ಚುಕೂಟದ ಲಾಭ ಇನ್ನೊಂದು ಕಡೆಯಿಂದ. ಮೂರನೆಯದು 1800ರ ಮೇ ತಿಂಗಳಲ್ಲಿ ಮಾರ್ಷ್‌ಮನ್ ದಂಪತಿ ತೆರೆದ ಬೋರ್ಡಿಂಗ್ ಶಾಲೆಗಳು. ಕೆಲವೇ ವರ್ಷದಲ್ಲಿ ಅವು ವರ್ಷಕ್ಕೆ ಸಾವಿರ ಪೌಂಡಿನ ಹತ್ತಿರ ತರುತ್ತಿದ್ದವು. ಹಾಗೆ ಹುಂಡಿಯನ್ನು ತುಂಬಿಸಿದವರಲ್ಲಿ ಹ್ಯಾನಾ ಮಾರ್ಷ್‌ಮನ್ ಒಬ್ಬರು. ಪ್ರಸಂಗಗಳಲ್ಲಿ ಅವರ ಹೆಸರೇ ಬರುವುದಿಲ್ಲ. ಪುಸ್ತಿಕೆಯಲ್ಲಿ ಅವರಿಗೆ ಎಂಟು ಪುಟ ಕೊಟ್ಟಿದ್ದೇನೆ. ಜಾಸ್ತಿಯಾಯಿತು ಅಂದವರಿಗೆ ಹುಂಡಿ ಹಾಳೆ ತೋರಿಸಿದರೆ ಸುಮ್ಮನಾಗುತ್ತಾರೆ.

ಮೊದಲು ಹೇಳಿದ ನೂರರ ಆಸುಪಾಸಿನ ಊರ ಶಾಲೆಗಳು ಬೇರೆ; ಅವು ಅಗ್ಗವಾಗಿ ನಡೆದ ಗುಟ್ಟು ಸೆರಾಂಪುರದವರು ಕಲಿಸುವ ಬಗೆಯಲ್ಲೇ ಇತ್ತು. ಮಗುವಿಗೊಂದು ಪುಸ್ತಕ ಕೊಡುವ ಬದಲು ಪಾಠವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ, ಹಲಗೆಗೆ ಅಂಟಿಸಿ ನೇತುಹಾಕುತ್ತಿದ್ದರು. ಭೂಗೋಳ, ಖಗೋಳದ ವಿಷಯಗಳನ್ನು ಹೇಳಿಬರೆಸುತ್ತಿದ್ದರು. ಇದನ್ನು ಕನ್ನಡದಲ್ಲಿ ಮಾಡಿ ನೋಡೋಣವೆಂದು ಸಂಜೆ ಶಾಲೆಗೆ ಒಂದು ಜೊತೆ ಹಲಗೆ ಮಾಡಿಸಿದ್ದಾಯಿತು. ಇಂಗ್ಲಿಷಿಗೆ ಹತ್ತು ಅಡಿ ದೂರಕ್ಕೆ ಒಂದಿಂಚು ಅಕ್ಷರ ಸಾಕು ಅನ್ನುವ ಲೆಕ್ಕ ನಮಗೆ ನಡೆಯುವುದಿಲ್ಲ. ಒತ್ತಕ್ಷರ ಕೆಳಗಿಳಿಯುವುದರಿಂದ ಮೂಲಾಕ್ಷರ ಒಂದೂವರೆ ಇಂಚು ಇರಬೇಕು, ಸಾಲಿನಿಂದ ಸಾಲಿಗೆ ಮೂರೂವರೆ ಇಂಚಾದರೂ ಬೇಕು. ಇಲ್ಲದಿದ್ದರೆ ‘ಷ್ಟ್ರ’ದ ಕೆಳಗಿನ ಒತ್ತು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತದೆ. ಮೈದಾ ಅಂಟು ಮಳೆಗಾಲದಲ್ಲಿ ಬೂಷ್ಟು ಹಿಡಿದು ಹಾಳೆ ಗುಳ್ಳೆ ಎದ್ದಿತು. ಅಂಟಿಗೆ ಚೂರು ಮೈಲುತುತ್ತ ಸೇರಿಸಿದರೆ ನಿಲ್ಲುತ್ತದೆ, ಆದರೆ ಅದು ವಿಷ, ಮಕ್ಕಳ ಕೈಗೆ ಬೇಡ. ಫೆವಿಕಾಲ್ ನೀರು ಮಾಡಿ ಬಳಿಯುವುದೇ ವಾಸಿ. ಪ್ಲೈವುಡ್ಡಿನ ಎರಡೂ ಮಗ್ಗುಲಿಗೆ ಹಾಳೆ ಅಂಟಿಸಿ. ಒಂದೇ ಕಡೆ ಅಂಟಿಸಿದರೆ ಹಲಗೆ ಬಾಗುತ್ತದೆ. ಹಲಗೆಗೆ ಮುನ್ನೂರು ರೂಪಾಯಿಯ ಒಳಗೇ ಮುಗಿಯಿತು.

ಕನ್ನಡಿಗರಿಗೆ ಹತ್ತಿರದ ಸಾಲು 1812ರದ್ದು. ಮಾರ್ಚ್ 11ರ ಸಂಜೆ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ನಷ್ಟ ಹತ್ತು ಸಾವಿರ ಪೌಂಡಿನ ಆಸುಪಾಸು ಎಂದು ಎಲ್ಲರೂ ಬರೆಯುತ್ತಾರೆ. ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಕನ್ನಡ ಹೊಸ ಒಡಂಬಡಿಕೆಯೂ ಇತ್ತು ಅನ್ನುವುದನ್ನು ನಮ್ಮವರೇ ಬರೆಯುವುದಿಲ್ಲ. ಮೊತ್ತದ ಅಂಕಣದಲ್ಲಿ ಏನು ಹಾಕುವುದು? ಏನೂ ಹಾಕಬೇಡಿ, ಖಾಲಿ ಬಿಟ್ಟು ‘ಮತ್ತೆ ಮಾಡಿದ್ದು’ ಎಂಬ ಹೊಸ ಅಂಕಣ ಸೇರಿಸಿ ಅದಕ್ಕೆ ಕೊಂಡಿ ಕೊಡಿ. ಅಕ್ಷರದ ಪಂಚುಗಳು (ಅಚ್ಚು ಒತ್ತುವ ಉಕ್ಕಿನ ಮೂಲಗಳು) ಬೂದಿಯಲ್ಲಿ ಉಳಿದಿದ್ದರಿಂದ ಮೊಳೆಗಳನ್ನು ಬೇಗ ಮತ್ತೆ ಎರಕ ಹೊಯ್ದರು. 1817ರಲ್ಲಿ ಕೇರಿಯವರ ಕನ್ನಡ ವ್ಯಾಕರಣ ಬಂತು, ಒಡಂಬಡಿಕೆ 1820ರ ದಶಕಕ್ಕೆ ಹೋಯಿತು. ವ್ಯಾಕರಣದ ಪುಟಗಳನ್ನು ದೊಡ್ಡದು ಮಾಡಿ ನೋಡುತ್ತಾ ಕೂತರೆ ದಿನ ಹೋಗುವುದೇ ಗೊತ್ತಾಗುವುದಿಲ್ಲ. ಆ ಮೊಳೆಗಳ ಕುರಿತು ಬೇರೆಯದೇ ಬರಹ ಬೇಕು.

1818ರಲ್ಲಿ ಕಾಲೇಜು, 37 ವಿದ್ಯಾರ್ಥಿಗಳು. 1827ರಲ್ಲಿ ಪದವಿ ಕೊಡುವ ಅಧಿಕಾರದ ಡೆನ್ಮಾರ್ಕ್ ದೊರೆಯ ಸನದು; ಸೆರಾಂಪುರ ಆಗ ಡೆನ್ಮಾರ್ಕಿನ ಕೈಯಲ್ಲಿತ್ತು. ಬೆಂಗಳೂರು, ಮಂಗಳೂರಿನಲ್ಲಿ ದೇವಜ್ಞಾನ ಓದಿದವರ ಪದವಿಪತ್ರದ ಮೇಲೆ ಇವತ್ತಿಗೂ ಸೆರಾಂಪುರದ ಹೆಸರಿರುವುದಕ್ಕೆ ಮೂಲ ಆ ಸನದು. ಅದೇ 1827ರಲ್ಲಿ ಇಂಗ್ಲೆಂಡಿನ ಸಂಘದ ಜೊತೆ ಸಂಬಂಧ ಹರಿಯಿತು. 1830ರಲ್ಲಿ ಕಲ್ಕತ್ತದ ದೊಡ್ಡ ಏಜೆನ್ಸಿ ಮನೆಗಳು (ವ್ಯಾಪಾರ, ಠೇವಣಿ ನಡೆಸುತ್ತಿದ್ದ ಸಂಸ್ಥೆಗಳು) ಬೀಳತೊಡಗಿದವು, ಫೋರ್ಟ್ ವಿಲಿಯಂ ಹುದ್ದೆ ಹೋಗಿ ಸಂಬಳ ಅರ್ಧ ಪಿಂಚಣಿಗೆ ಇಳಿಯಿತು. ಉಯಿಲಿನ 1500 ರೂಪಾಯಿಗೆ ಉತ್ತರ ಇಲ್ಲಿ ಸಿಗುತ್ತದೆ. ಸೆರಾಂಪುರದವರಿಗೂ ಇಂಗ್ಲೆಂಡಿನ ಸಂಘಕ್ಕೂ 1817ರಿಂದ 1827ರವರೆಗೆ ನಡೆದ ಆಸ್ತಿ ಜಗಳವನ್ನು ಎರಡೂ ಕಡೆಯ ಕರಪತ್ರಗಳಿಂದ ಬಿಡಿಸಲು ಯಾವುದನ್ನು ಮೊದಲು ಓದಬೇಕು ಎಂಬ ಕ್ರಮ ಒಂದಿದೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ, ಮುಂದಿನ ಪುಸ್ತಿಕೆ ಅದರ ಮೇಲೇ ನಿಂತಿದೆ. ಕೇರಿ, ಮಾರ್ಷ್‌ಮನ್, ವಾರ್ಡ್ ಮೂವರ ಚರಿತ್ರೆಯ 1859ರ ಎರಡು ಸಂಪುಟದಲ್ಲಿ ಲೆಕ್ಕ ಹೇರಳ, ಆದರೆ ಬರೆದವರು ಮೂವರಲ್ಲಿ ಒಬ್ಬರ ಮಗ ಅನ್ನುವುದು ನೆನಪಿರಲಿ. ಇಷ್ಟು ಸುಳಿವು ಸಾಕು.

ಪಟ್ಟಿಗೆ ಸಿಗದ್ದೂ ಇದೆ. 1794ರಲ್ಲಿ ಪುಟ್ಟ ಮಗ ಪೀಟರ್ ತೀರಿಕೊಂಡ, ಆಮೇಲೆ ಹೆಂಡತಿ ಡಾರತಿಯವರ ಮನಸ್ಸು ಕೆಟ್ಟಿತು, 1807ರಲ್ಲಿ ಅವರೂ ತೀರಿಕೊಂಡರು. ಹಣದ ಸಾಲುಗಳಲ್ಲಿ ಇದರ ಸುಳಿವೇ ಇಲ್ಲ. ಮನೆಯೊಳಗಿನದ್ದಕ್ಕೆ ಇನ್ನೊಂದು ಹಾಳೆ ತೆರೆದು, ಇಸವಿ ಇಸವಿಗೆ ಸರಿಹೊಂದುವಂತೆ ಪಕ್ಕದಲ್ಲಿಡಿ. 1807ರ ಸಾಲಿನಲ್ಲಿ ಒಂದು ಕಡೆ ಸಂಬಳ ಇಮ್ಮಡಿ, ಇನ್ನೊಂದು ಕಡೆ ಹೆಂಡತಿಯ ಸಾವು. ಪುಸ್ತಿಕೆಯಲ್ಲಿ ಎರಡನ್ನೂ ಒಂದೇ ಪ್ಯಾರಾದಲ್ಲಿ ಇಟ್ಟೆ, ವಿವರಣೆ ಕೊಡಲಿಲ್ಲ.

ಅಚ್ಚಿನ ಖರ್ಚು ಕೇಳುವವರಿಗೆ: ಡೆಮಿ ಅಷ್ಟಪತ್ರ, 64 ಪುಟ, 70 ಜಿಎಸ್‌ಎಂ ಮ್ಯಾಪ್‌ಲಿಥೋ, ಮಧ್ಯೆ ಪಿನ್ನು, 500 ಪ್ರತಿಗೆ ಇಪ್ಪತ್ತು ಸಾವಿರದ ಮೇಲೆ ಸ್ವಲ್ಪ ಆಯಿತು. 16 ಪುಟದ ನಾಲ್ಕು ಫಾರ್ಮ್‌ಗೆ ಸರಿಹೊಂದಿಸಿದ್ದರಿಂದ ಕಾಗದ ಪೋಲಾಗಲಿಲ್ಲ. ‘ನುಡಿ’ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವಾಗ ಅರ್ಕಾವೊತ್ತು ಜಾಗ ತಪ್ಪುತ್ತದೆ. ‘ಮಾರ್ಷ್‌ಮನ್’, ‘ವಾರ್ಡ್’, ‘ಫೋರ್ಟ್’ ಮೂರನ್ನೂ ಹುಡುಕಿ ಕೈಯಿಂದಲೇ ಸರಿಮಾಡಿ, ಆಮೇಲೆ ಪುಟವಿನ್ಯಾಸಕ್ಕೆ ಕೊಡಿ. ಬೆಲೆ 60 ರೂಪಾಯಿ ಇಟ್ಟಿದ್ದೆ. ಎರಡನೇ ಮುದ್ರಣಕ್ಕೆ ಹುಂಡಿ ಹಾಳೆಯನ್ನು ಮಡಚುವ ದೊಡ್ಡ ಪುಟವಾಗಿ ಸೇರಿಸುವುದರಿಂದ 75 ಆಗುತ್ತದೆ.